ನೆಕ್ಸ್ಟ್ ಸ್ಲೈಡ್ ಪ್ಲೀಸ್

ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ ‘ಸೆಮಿನಾರ್’ ಎಂದೊಡನೆ ಮೂಗಿಗೆ ಬಡಿಯುವುದು ಮಾರ್ಕರ್ ಪೆನ್ನಿನ ಸ್ಪಿರಿಟ್ ವಾಸನೆ. ಕೊನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ವಿಷಯ ಹಿಡಿದು ತರಗತಿಯ ಮುಂದೆ ನಿಂತು ಮಾತಾಡಲೇಬೇಕಿತ್ತು, ಅದಕ್ಕೆ ಅಂಕವೂ ಇತ್ತು. ಮಾತಿನ ಜೊತೆಗೆ ತೋರಿಸಲು ಪಾರದರ್ಶಕ ಹಾಳೆ ಬೇಕು. ಕಾಲೇಜಿನ ಎದುರಿನ ಸ್ಟೇಷನರಿ ಅಂಗಡಿಯವನು ಅದನ್ನು ಡಬ್ಬಿಯಿಂದ ಬಿಡಿಬಿಡಿಯಾಗಿ ಎಣಿಸಿ ಕೊಡುತ್ತಿದ್ದ. ಮೆಸ್ ಬಿಲ್ಲಿಗೇ ದುಡ್ಡು ಹೊಂದಿಸಲು ಒದ್ದಾಡುವ ಹುಡುಗರು ಹತ್ತು ಹಾಳೆ ಕೊಳ್ಳಲು ಹತ್ತು ಸಲ ಯೋಚಿಸುತ್ತಿದ್ದರು.

ಹಾಗಾಗಿ ಕೆಲಸ ಶುರುವಾಗುತ್ತಿದ್ದುದು ರಫ್ ಪುಸ್ತಕದಲ್ಲಿ. ಯಾವ ಚಿತ್ರ ಬೇಕು, ಯಾವುದನ್ನು ಬಾಯಲ್ಲಿ ಹೇಳಿದರೆ ಸಾಕು, ಯಾವ ಸಮೀಕರಣವನ್ನು ಕಪ್ಪುಹಲಗೆಗೆ ಬಿಡಬಹುದು ಎಂದೆಲ್ಲ ಪೆನ್ಸಿಲಿನಲ್ಲಿ ಗೀಚಿ, ಹೊಡೆದು ಹಾಕಿ, ಕೊನೆಗೆ ಉಳಿದದ್ದು ಮಾತ್ರ ಹಾಳೆಗೆ ಏರುತ್ತಿತ್ತು. ಗೆರೆ ಹಾಕಿದ ನೋಟ್‌ಬುಕ್ಕಿನ ಪುಟವನ್ನು ಕೆಳಗಿಟ್ಟು ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟರೆ ಅಕ್ಷರ ಸೊಟ್ಟಗಾಗುವುದಿಲ್ಲ ಎಂಬುದು ಹಾಸ್ಟೆಲಿನಲ್ಲಿ ಹಿರಿಯರಿಂದ ಕಿರಿಯರಿಗೆ ಬಂದ ವಿದ್ಯೆ. ಪರ್ಮನೆಂಟ್ ಮಾರ್ಕರಿನಲ್ಲಿ ತಪ್ಪು ಬರೆದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಬೇಕು. ನೀರಿನ ಮಾರ್ಕರ್ ಆದರೆ ಬೆವೆತ ಅಂಗೈ ತಾಗಿದರೂ ಸಾಕು, ಅರ್ಧ ಸರ್ಕ್ಯೂಟ್ ಮಾಯ.

ಆ ಯಂತ್ರದ ಹೆಸರು ಓವರ್‌ಹೆಡ್ ಪ್ರೊಜೆಕ್ಟರ್. ಎಲ್ಲರ ಬಾಯಲ್ಲಿ ಒಎಚ್‌ಪಿ. ಗಾಜಿನ ಮೇಜಿನಂಥ ಪೆಟ್ಟಿಗೆ, ಒಳಗೊಂದು ಉರಿಯುವ ಬಲ್ಬು, ಅದನ್ನು ತಣಿಸಲು ಗುಂಯ್‌ಗುಡುವ ಫ್ಯಾನು, ಮೇಲೆ ಕಂಬಕ್ಕೆ ಸಿಕ್ಕಿಸಿದ ಮಸೂರ ಮತ್ತು ಕನ್ನಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ ತರಬೇತಿಗೆ ಬಳಸುತ್ತಿದ್ದ ಈ ಉಪಕರಣ, ಅರವತ್ತರ ದಶಕದಲ್ಲಿ ತ್ರೀಎಂ ಕಂಪನಿಯ ಕೈಗೆ ಬಂದ ಮೇಲೆ ಶಾಲೆ ಕಾಲೇಜುಗಳಿಗೆ ಹಬ್ಬಿತು. ಅದರಲ್ಲೊಂದು ಗುಣವಿತ್ತು, ಆಗ ಯಾರೂ ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. ಹಾಳೆ ಮಾತುಗಾರನ ಮುಂದೆಯೇ ಮಲಗಿರುತ್ತಿತ್ತು, ಚಿತ್ರ ಅವನ ಬೆನ್ನ ಹಿಂದೆ ಬೀಳುತ್ತಿತ್ತು. ತೋರಿಸಬೇಕಾದದ್ದನ್ನು ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರೆ ಅದರ ನೆರಳು ಪರದೆಯ ಮೇಲೆ ಮೂಡುತ್ತಿತ್ತು. ತಿರುಗಿ ನೋಡುವ ಅಗತ್ಯವೇ ಇಲ್ಲ. ಸಭಿಕರಿಗೆ ಮುಖ ಕೊಟ್ಟು ಮಾತಾಡುವುದನ್ನು ಯಂತ್ರವೇ ಕಲಿಸಿತ್ತು.

ಪಳಗಿದ ಮೇಷ್ಟ್ರುಗಳ ಕೈಯಲ್ಲಿ ಅದು ಬಹಳ ಆಟ ಆಡುತ್ತಿತ್ತು. ಒಂದು ಬಿಳಿ ಕಾಗದವನ್ನು ಹಾಳೆಯ ಮೇಲೆ ಮುಚ್ಚಿ, ಮಾತು ಮುಂದುವರಿದಂತೆ ಕಾಗದವನ್ನು ಕೆಳಗೆ ಜಾರಿಸುತ್ತ ಒಂದೊಂದೇ ಸಾಲು ತೆರೆಯುವುದು. ಒಂದು ಹಾಳೆಯಲ್ಲಿ ಎಂಜಿನ್ನಿನ ಹೊರಮೈ, ಅದರ ಮೇಲೆ ಹೊದಿಸುವ ಇನ್ನೊಂದರಲ್ಲಿ ಒಳಗಿನ ಪಿಸ್ಟನ್, ಮೂರನೆಯದರಲ್ಲಿ ಕೆಂಪು ಬಾಣ. ಪವರ್‌ಪಾಯಿಂಟಿನ ಅನಿಮೇಷನ್ ಎಂದು ಮುಂದೆ ಜನ ಬೆರಗಾದದ್ದು ಇದೇ ಮೂರು ಹಾಳೆಯ ವಿದ್ಯೆಗೆ.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲ ಎಂದು ಹೊಗಳಬೇಕಿಲ್ಲ. ಕೆಟ್ಟ ಒಎಚ್‌ಪಿ ಉಪನ್ಯಾಸಗಳೂ ಬೇಕಾದಷ್ಟಿದ್ದವು. ವಿಶೇಷವಾಗಿ ಜೆರಾಕ್ಸ್ ಯಂತ್ರದ ಬಿಸಿ ತಾಳುವ ಹಾಳೆಗಳು ಬಂದ ಮೇಲೆ ಕೆಲವರು ಪಠ್ಯಪುಸ್ತಕದ ಪುಟವನ್ನೇ ಇದ್ದದ್ದು ಇದ್ದ ಹಾಗೆ ಅದಕ್ಕೆ ಇಳಿಸಿ ಗಾಜಿನ ಮೇಲಿಟ್ಟು ಓದತೊಡಗಿದರು. ಕೈಯಲ್ಲಿ ಬರೆಯುವ ಶ್ರಮ ತಪ್ಪಿದ್ದೇ ತಡ, ಹಿಂದಿನ ಬೆಂಚಿಗೆ ಇರುವೆಸಾಲು ಮಾತ್ರ ಕಾಣುವಂತಾಯಿತು. ಮುಂದೆ ಬರಲಿದ್ದ ರೋಗದ ಮೊದಲ ಲಕ್ಷಣ ಅದು.

ಒಎಚ್‌ಪಿಗಿಂತ ದುಬಾರಿಯಾದ ಇನ್ನೊಂದು ಲೋಕವಿತ್ತು. ವೈದ್ಯರ ಸಮ್ಮೇಳನಗಳು, ವನ್ಯಜೀವಿ ಛಾಯಾಗ್ರಾಹಕರ ಸಂಜೆಗಳು, ವಿಜ್ಞಾನಿಗಳ ಉಪನ್ಯಾಸಗಳು ನಡೆಯುತ್ತಿದ್ದುದು ನಿಜವಾದ ಸ್ಲೈಡಿನಲ್ಲಿ, ಅಂದರೆ 35 ಎಂಎಂ ಫಿಲ್ಮನ್ನು ಎರಡಿಂಚು ಚೌಕದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಕೂರಿಸಿದ ಬಿಲ್ಲೆಯಲ್ಲಿ. ಕೊಡಾಕ್ ಕಂಪನಿಯ ‘ಕ್ಯಾರೌಸೆಲ್’ ಎಂಬ ದುಂಡು ತಟ್ಟೆಯ ಪ್ರೊಜೆಕ್ಟರ್ 1961ರಲ್ಲಿ ಮಾರುಕಟ್ಟೆಗೆ ಬಂದು 2004ರವರೆಗೂ ತಯಾರಾಗುತ್ತಿತ್ತು. ತಟ್ಟೆಗೆ 80 ಸ್ಲೈಡು. ಪ್ರತಿಯೊಂದನ್ನೂ ತಲೆಕೆಳಗಾಗಿ ಸೇರಿಸಬೇಕು, ಇಲ್ಲದಿದ್ದರೆ ಹುಲಿ ಆಕಾಶದಲ್ಲಿ ಕಾಲು ಮೇಲೆ ಮಾಡಿ ನಡೆಯುತ್ತದೆ. ಅದಕ್ಕೆಂದೇ ಚೌಕಟ್ಟಿನ ಒಂದು ಮೂಲೆಯಲ್ಲಿ ಚುಕ್ಕೆ ಇಡುವ ಪದ್ಧತಿಯಿತ್ತು. ತಟ್ಟೆಗೆ ಹಾಕುವಾಗ ಬಲಗೈ ಹೆಬ್ಬೆರಳು ಆ ಚುಕ್ಕೆಯ ಮೇಲೆ ಕೂತರೆ ಸ್ಲೈಡು ಸರಿಯಾಗಿದೆ ಎಂದರ್ಥ. ಮಾತುಗಾರ ವೇದಿಕೆಯಿಂದ “ನೆಕ್ಸ್ಟ್ ಸ್ಲೈಡ್ ಪ್ಲೀಸ್” ಅಂದಾಗ ಸಭಾಂಗಣದ ಹಿಂದೆ ಕೂತವನು ಗುಂಡಿ ಒತ್ತುತ್ತಿದ್ದ, ‘ಕ್ಲಕ್’ ಎಂದು ಕತ್ತಲೆ, ಮತ್ತೆ ‘ಕ್ಲಕ್’ ಎಂದು ಬೆಳಕು. ಆ ಮಾತು ಇವತ್ತಿಗೂ ಸತ್ತಿಲ್ಲ. ಆನ್‌ಲೈನ್ ಸಭೆಯಲ್ಲಿ ಬೇರೆಯವರ ಪರದೆ ಓಡುವಾಗ ಇಪ್ಪತ್ತೈದರ ಹುಡುಗಿಯೂ ಅದನ್ನೇ ಹೇಳುತ್ತಾಳೆ.

ಒಂದು ಸ್ಲೈಡ್ ಮಾಡಿಸಬೇಕೆಂದರೆ ಚಿತ್ರ ಬರೆಸಿ, ಫೋಟೊ ತೆಗೆಸಿ, ಲ್ಯಾಬಿಗೆ ಕೊಟ್ಟು ದಿನಗಟ್ಟಲೆ ಕಾಯಬೇಕು. ಹಿಂದಿನ ರಾತ್ರಿ ಕೂತು ತಿದ್ದುವ ಮಾತೇ ಇಲ್ಲ. ಕಾಸು ಮತ್ತು ಕಾಲ ಎರಡೂ ಖರ್ಚಾಗುವಲ್ಲಿ ಯಾರೂ ‘ಧನ್ಯವಾದಗಳು’ ಎಂದು ಬರೆದ ಸ್ಲೈಡ್ ಮಾಡಿಸುತ್ತಿರಲಿಲ್ಲ.

ಸ್ಲೈಡೇ ಇಲ್ಲದೆ ಸಭೆ ಗೆಲ್ಲುವವರೂ ಇದ್ದರು. ಸಿ.ವಿ. ರಾಮನ್ 1968ರ ಡಿಸೆಂಬರಿನಲ್ಲಿ ಅಹಮದಾಬಾದಿನ ಸಮುದಾಯ ವಿಜ್ಞಾನ ಕೇಂದ್ರದ ಶಂಕುಸ್ಥಾಪನೆಯಂದು ‘ಆಕಾಶವೇಕೆ ನೀಲಿ’ ಎಂಬ ಉಪನ್ಯಾಸ ಕೊಟ್ಟರು. ಅದರ ಪಠ್ಯ ಇವತ್ತಿಗೂ ಓದಲು ಸಿಗುತ್ತದೆ. ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುತ್ತ, ಹಗಲಿನ ಆಕಾಶದಿಂದ ಬೆಳದಿಂಗಳ ಆಕಾಶಕ್ಕೆ, ಅಲ್ಲಿಂದ ಮೋಡಕ್ಕೆ ಕೇಳುಗನ ಕೈ ಹಿಡಿದು ನಡೆಸುವ ಕ್ರಮ ಅದು. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂನ ಬುಧವಾರದ ಉಪನ್ಯಾಸಗಳಿಗೆ ಎಡತಾಕಿದವರು ಎರಡೂ ಬಗೆಯವರನ್ನು ಕಂಡಿದ್ದಾರೆ: ಸ್ಲೈಡ್ ಇಟ್ಟುಕೊಂಡು ಗೆದ್ದವರು, ಬರೀ ಸೀಮೆಸುಣ್ಣದಲ್ಲಿ ಗೆದ್ದವರು. ಸೋತವರನ್ನು ಎಣಿಸುವುದು ಬೇಡ.

ಈ ಎಲ್ಲವನ್ನೂ ಬದಲಿಸಿದ ತಂತ್ರಾಂಶ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಎಂಬ ಪುಟ್ಟ ಕಂಪನಿಯಲ್ಲಿ. ರಾಬರ್ಟ್ ಗ್ಯಾಸ್ಕಿನ್ಸ್ ಅದರ ಕಲ್ಪನೆ ಮಾಡಿದವರು, ಡೆನಿಸ್ ಆಸ್ಟಿನ್ ಮತ್ತು ಥಾಮಸ್ ರಡ್ಕಿನ್ ಕಟ್ಟಿದವರು. ಮೊದಲಿಟ್ಟ ಹೆಸರು ‘ಪ್ರೆಸೆಂಟರ್’. ಟ್ರೇಡ್‌ಮಾರ್ಕ್ ತಕರಾರಿನಿಂದ ಅದು ‘ಪವರ್‌ಪಾಯಿಂಟ್’ ಆಯಿತು. 1987ರ ಏಪ್ರಿಲಿನಲ್ಲಿ ಹೊರಬಂದ ಮೊದಲ ಆವೃತ್ತಿ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಮಾತ್ರ, ಅದೂ ಕಪ್ಪು–ಬಿಳುಪಿನಲ್ಲಿ. ಅದರ ಕೆಲಸ ಏನೆಂದುಕೊಂಡಿರಿ? ಒಎಚ್‌ಪಿ ಹಾಳೆಗಳನ್ನು ಅಂದವಾಗಿ ಮುದ್ರಿಸುವುದು! ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡಿತು. ಮುಂದಿನ ಆವೃತ್ತಿ ಬಣ್ಣದ 35 ಎಂಎಂ ಸ್ಲೈಡ್ ಮಾಡಿಕೊಟ್ಟಿತು. ಮೂರನೆಯದು ಕಂಪ್ಯೂಟರಿನಿಂದ ನೇರವಾಗಿ ಪರದೆಗೆ ಚಿತ್ರ ಬಿಟ್ಟಿತು. 1992ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಹೋಟೆಲ್ ರೆಜಿನಾದಲ್ಲಿ ಗ್ಯಾಸ್ಕಿನ್ಸ್ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿ ಬಣ್ಣದ ಸ್ಲೈಡುಗಳನ್ನು ಓಡಿಸಿ ತೋರಿಸಿದರು. ಹಾಳೆ, ಫಿಲ್ಮು ಎರಡರ ಆಯುಷ್ಯವೂ ಅಲ್ಲಿಗೆ ತೀರುತ್ತ ಬಂತು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಈ ಗಾಳಿ ಬೀಸಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕಾಲೇಜುಗಳಿಗೆ ಅದರ ಹಿಂದೆಯೇ. ಒಂದು ಸ್ಲೈಡಿಗೂ ನೂರು ಸ್ಲೈಡಿಗೂ ಖರ್ಚು ಒಂದೇ ಎಂದಾದ ದಿನ ರಫ್ ಪುಸ್ತಕ ಮೂಲೆ ಸೇರಿತು. ಮೊದಲು ಯೋಚಿಸಿ ಆಮೇಲೆ ಹಾಳೆ ಕೊಳ್ಳುತ್ತಿದ್ದವರು ಈಗ ಮೊದಲು ಪವರ್‌ಪಾಯಿಂಟ್ ತೆರೆದು ಆಮೇಲೆ ಯೋಚಿಸತೊಡಗಿದರು. ಖಾಲಿ ಪೆಟ್ಟಿಗೆ ‘ಇಲ್ಲಿ ಒತ್ತಿ ಶೀರ್ಷಿಕೆ ಬರೆಯಿರಿ’ ಎನ್ನುತ್ತದೆ, ಬರೆದರು. ‘ಇಲ್ಲಿ ಪಠ್ಯ’ ಎನ್ನುತ್ತದೆ, ತುಂಬಿದರು. ಅಕ್ಷರ ಹಿಡಿಸದಿದ್ದರೆ ತಂತ್ರಾಂಶ ತಾನೇ ಅದನ್ನು ಕುಗ್ಗಿಸಿ ಕೂರಿಸಿತು. ಎಡಗಡೆ ಕಂಪನಿಯ ಲಾಂಛನ, ಕೆಳಗೆ ದಿನಾಂಕ, ಒಂದೊಂದು ಸಾಲೂ ಬಲಗಡೆಯಿಂದ ಹಾರಿ ಬಂದು ಕೂರುವ ಗಿಮಿಕ್ಕು, ಜೊತೆಗೆ ಟೈಪ್‌ರೈಟರಿನ ಟಕಟಕ ಸದ್ದು. ಆ ಸದ್ದನ್ನು ಕೇಳಿ ತಣ್ಣಗೆ ಕೂತಿದ್ದ ತಲೆಮಾರಿನ ತಾಳ್ಮೆಗೆ ಯಾರಾದರೂ ಪ್ರಶಸ್ತಿ ಕೊಡಬೇಕು.

ಈ ಹುಚ್ಚನ್ನು ಅಣಕಿಸಿದವರೂ ಹುಟ್ಟಿಕೊಂಡರು. ಕಂಪ್ಯೂಟರ್ ವಿಜ್ಞಾನಿ ಪೀಟರ್ ನಾರ್ವಿಗ್ 2000ದಲ್ಲಿ ಅಬ್ರಹಾಂ ಲಿಂಕನ್ನರ ಗೆಟಿಸ್‌ಬರ್ಗ್ ಭಾಷಣವನ್ನು ಪವರ್‌ಪಾಯಿಂಟಿಗೆ ಇಳಿಸಿದರು. 1863ರ ನವೆಂಬರಿನಲ್ಲಿ ಲಿಂಕನ್ ಮಾಡಿದ ಆ ಭಾಷಣ ಇನ್ನೂರೆಪ್ಪತ್ತು ಪದಗಳ ಆಸುಪಾಸಿನದು, ಎರಡು ಮೂರು ನಿಮಿಷದ್ದು. ನಾರ್ವಿಗ್ ಕೈಯಲ್ಲಿ ಅದಕ್ಕೆ ಕಾರ್ಯಸೂಚಿ ಬಂತು, ಗುರಿಗಳ ಪಟ್ಟಿ ಬಂತು, ಎಂಬತ್ತೇಳು ವರ್ಷಗಳ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಕೆ ಎಂಬ ಕಂಬದ ನಕ್ಷೆಯೂ ಬಂತು. ನಗು ಬರುತ್ತದೆ, ಆಮೇಲೆ ಹೊಟ್ಟೆಯೊಳಗೆ ಸಣ್ಣ ಸಂಕಟವೂ ಆಗುತ್ತದೆ. ಏಕೆಂದರೆ ಅದನ್ನು ಮಾಡಲು ಅವರಿಗೆ ದೊಡ್ಡ ಜಾಣ್ಮೆಯೇನೂ ಬೇಕಾಗಿರಲಿಲ್ಲ, ತಂತ್ರಾಂಶದಲ್ಲಿ ಸಿದ್ಧವಾಗಿದ್ದ ಅಚ್ಚುಗಳೇ ಆ ಕೆಲಸ ಮಾಡಿದವು.

ನಗುವ ವಿಷಯ ಅಲ್ಲ ಎಂದು ಗೊತ್ತಾದದ್ದು ಮೂರು ವರ್ಷದ ಬಳಿಕ. 2003ರ ಫೆಬ್ರವರಿ 1, ಶನಿವಾರ. ಭಾರತದಲ್ಲಿ ಸಂಜೆ ಏಳೂವರೆಯ ಹೊತ್ತು. ಭೂಮಿಗೆ ಮರಳುತ್ತಿದ್ದ ಕೊಲಂಬಿಯಾ ನೌಕೆ ಟೆಕ್ಸಾಸ್ ಆಕಾಶದಲ್ಲಿ ಚೂರಾಯಿತು. ಕರ್ನಾಲಿನ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ರಾತ್ರಿಯಿಡೀ ಟೀವಿ ಮುಂದೆ ಕೂತವರಿಗೆ ಆ ಬಿಳಿ ಗೆರೆಗಳು ಮರೆತಿರಲಾರವು. ಈ ದುರಂತದ ತನಿಖೆಯಲ್ಲಿ ಒಂದು ಸ್ಲೈಡ್ ಸಾಕ್ಷಿಯಾಗಿ ನಿಲ್ಲುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ನಡೆದದ್ದು ಇಷ್ಟು. ಜನವರಿ 16ರಂದು ನೌಕೆ ಮೇಲೇರಿದ ಸುಮಾರು 82ನೇ ಸೆಕೆಂಡಿಗೆ ಹೊರ ಇಂಧನ ತೊಟ್ಟಿಯಿಂದ ನೊರೆಪದಾರ್ಥದ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಕಕ್ಷೆಯಲ್ಲಿರುವಾಗಲೇ ಬೋಯಿಂಗ್ ಎಂಜಿನಿಯರುಗಳು ಅಪಾಯದ ಅಂದಾಜು ಮಾಡಿ ನಾಸಾಗೆ ವರದಿ ಕೊಟ್ಟರು. ವರದಿ ಎಂದರೆ ಪವರ್‌ಪಾಯಿಂಟ್ ಸ್ಲೈಡುಗಳು. ಅದರಲ್ಲಿ ಮುಖ್ಯವಾದ ಒಂದು ಸ್ಲೈಡಿನ ಶೀರ್ಷಿಕೆ ಧೈರ್ಯ ತುಂಬುವಂತಿತ್ತು: ಪರೀಕ್ಷೆಗಳ ಮಾಹಿತಿ ನೋಡಿದರೆ ನಮ್ಮ ಲೆಕ್ಕ ಸುರಕ್ಷಿತ ಬದಿಯಲ್ಲಿದೆ ಎಂಬ ಧಾಟಿ. ಅದರ ಕೆಳಗೆ ಚುಕ್ಕೆ, ಚುಕ್ಕೆಯೊಳಗೆ ಗೆರೆ, ಗೆರೆಯೊಳಗೆ ಮತ್ತೂ ಸಣ್ಣ ಚುಕ್ಕೆ. ಮೆಟ್ಟಿಲು ಇಳಿದಂತೆ ಅಕ್ಷರ ಚಿಕ್ಕದಾಗುತ್ತ ಹೋಗಿ, ಕಟ್ಟಕಡೆಯ ಸಾಲಿನಲ್ಲಿ ಎರಡು ಅಂಕಿಗಳಿದ್ದವು. ಪರೀಕ್ಷೆಯಲ್ಲಿ ಬಳಸಿದ್ದ ನೊರೆತುಂಡಿನ ಗಾತ್ರ 3 ಘನ ಇಂಚು. ರೆಕ್ಕೆಗೆ ಬಡಿದದ್ದು ಎಂದು ಅಂದಾಜಿಸಿದ ತುಂಡಿನ ಗಾತ್ರ 1920 ಘನ ಇಂಚು. 640 ಪಟ್ಟು! ಅಂದರೆ ಆ ಪರೀಕ್ಷೆಗೂ ಈ ಪೆಟ್ಟಿಗೂ ಸಂಬಂಧವೇ ಇರಲಿಲ್ಲ. ಸ್ಲೈಡಿನ ತಲೆ ಹೇಳಿದ್ದನ್ನು ಅದರ ಕಾಲು ಸುಳ್ಳಾಗಿಸಿತ್ತು. ಆದರೆ ಸಭೆಯಲ್ಲಿ ಕೂತ ಮೇಲಧಿಕಾರಿಗಳು ಓದುವುದು ತಲೆಯನ್ನೇ.

ಆ ಆಗಸ್ಟಿನಲ್ಲಿ ಹೊರಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡಿಗಾಗಿಯೇ ಪ್ರತ್ಯೇಕ ಪೆಟ್ಟಿಗೆ ಲೇಖನ ಕೊಟ್ಟು, ತಾಂತ್ರಿಕ ವರದಿ ಬರೆಯುವ ಬದಲು ಪವರ್‌ಪಾಯಿಂಟ್ ತೋರಿಸುವ ಚಾಳಿ ನಾಸಾದ ಒಳಗೆ ಬೇರುಬಿಟ್ಟಿದೆ ಎಂದು ಎತ್ತಿ ತೋರಿಸಿತು. ಸ್ಲೈಡಿನ ಸೀಳುನೋಟ ಮಾಡಿದವರು ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಫ್ಟಿ. ಅಂಕಿ–ಅಂಶಗಳನ್ನು ಚಿತ್ರವಾಗಿಸುವ ಕಲೆಯ ಬಗ್ಗೆ ಬರೆದು ಹೆಸರಾದವರು. ‘ಗಣನೀಯ’ ಎಂಬರ್ಥದ ಒಂದೇ ಇಂಗ್ಲಿಷ್ ಪದ ಆ ಒಂದು ಸ್ಲೈಡಿನಲ್ಲಿ ಐದು ಸಲ ಬಂದಿದೆ, ಎಷ್ಟು ಎಂಬ ಲೆಕ್ಕ ಒಂದು ಕಡೆಯೂ ಇಲ್ಲ ಎಂದು ಅವರು ಬೆರಳಿಟ್ಟು ತೋರಿಸಿದರು.

ಟಫ್ಟಿ ಅಲ್ಲಿಂದ ಮುಂದೆ ಹೋಗಿ ಪವರ್‌ಪಾಯಿಂಟೇ ಕೆಡುಕು ಎನ್ನುವ ತೀರ್ಪು ಕೊಟ್ಟರು. ಅಷ್ಟು ದೂರ ಹೋಗಲು ಈ ಲೇಖಕನಿಗೆ ಮನಸ್ಸಿಲ್ಲ. ಸ್ಲೈಡ್ ಎಂಬುದು ಒಬ್ಬ ಮಾತಾಡುತ್ತಿರುವಾಗ ಕೇಳುವವರು ನೋಡಬೇಕಾದ ವಸ್ತು. ಓದಿ ತಿಳಿಯಬೇಕಾದದ್ದು ವರದಿ. ಬಿಟ್ಟಿಯಾಗಿ ಸಿಕ್ಕಿದ ಸ್ಲೈಡಿನ ಮೇಲೆ ಎರಡೂ ಕೆಲಸ ಹೇರಿದ್ದೇ ತಪ್ಪಿನ ಬೇರು. ಮಿಂಚಂಚೆಯಲ್ಲಿ ಕಳಿಸಿದಾಗ ತಾನಾಗಿಯೇ ಅರ್ಥವಾಗಬೇಕು ಎಂದು ಅದಕ್ಕೆ ಎಲ್ಲವನ್ನೂ ತುರುಕುತ್ತಾರೆ, ಆಮೇಲೆ ಅದನ್ನೇ ಗೋಡೆಗೆ ಬಿಟ್ಟು ಓದುತ್ತಾರೆ. ವರದಿಯಾಗಿ ನೋಡಿದರೆ ಅದರಲ್ಲಿ ಪೂರ್ತಿ ವಾಕ್ಯವಿಲ್ಲ, ಸ್ಲೈಡಾಗಿ ನೋಡಿದರೆ ಕಣ್ಣಿಗೆ ಜಾಗವಿಲ್ಲ. ಅಮೆಜಾನಿನ ಜೆಫ್ ಬೆಜೋಸ್ 2004ರಲ್ಲಿ ತಮ್ಮ ಹಿರಿಯ ಅಧಿಕಾರಿಗಳ ಸಭೆಗೆ ಪವರ್‌ಪಾಯಿಂಟ್ ತರಬಾರದೆಂದು ಕಟ್ಟಪ್ಪಣೆ ಮಾಡಿ, ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿ ತನ್ನಿ ಎಂದದ್ದು ಈ ಕಾರಣಕ್ಕೆ. ಅಲ್ಲಿ ಸಭೆ ಶುರುವಾಗುವುದು ಎಲ್ಲರೂ ಬಾಯಿ ಮುಚ್ಚಿ ಟಿಪ್ಪಣಿ ಓದುವುದರಿಂದ.

ಓದುವುದನ್ನೂ ಕೇಳುವುದನ್ನೂ ಒಟ್ಟಿಗೆ ಮಾಡಲು ಮನುಷ್ಯನಿಗೆ ಕಷ್ಟ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಹಲವು ವರ್ಷ ಪ್ರಯೋಗ ನಡೆಸಿ ಕಂಡುಕೊಂಡದ್ದೂ ಇದಕ್ಕೆ ಹತ್ತಿರದ್ದೇ: ಚಿತ್ರದ ಜೊತೆ ಮಾತು ಕೇಳಿದವರು ಚೆನ್ನಾಗಿ ಕಲಿಯುತ್ತಾರೆ, ಅದೇ ಮಾತನ್ನು ಅಕ್ಷರದಲ್ಲೂ ಪರದೆಗೆ ಹಾಕಿದರೆ ಕಲಿಕೆ ಕುಂದುತ್ತದೆ. ಸ್ಲೈಡಿನಲ್ಲಿರುವುದನ್ನೇ ಓದುವ ಮಾತುಗಾರ ಕೇಳುಗರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿರುತ್ತಾನೆ, ಅಷ್ಟರಲ್ಲಿ ಅವರು ಆ ಸ್ಲೈಡನ್ನು ತಾವೇ ಓದಿ ಮುಗಿಸಿ ವಾಟ್ಸ್ಆ್ಯಪ್ ತೆರೆದಿರುತ್ತಾರೆ.

ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದ ಶಿಕ್ಷಕರ ಕಾರ್ಯಾಗಾರವೊಂದರಲ್ಲಿ ಈ ಲೇಖಕ ಕಂಡ ಪ್ರಸಂಗ ಇದಕ್ಕೆ ಒಳ್ಳೆಯ ಸಾಕ್ಷಿ. ಯೂನಿಕೋಡ್ ಇನ್ನೂ ಊರೂರಿಗೆ ಬಂದಿರದ ಕಾಲ. ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಕೆರೆಗಳ ಬಗ್ಗೆ ಮಾತಾಡಲು ಬಂದಿದ್ದರು. ಮನೆಯ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಸ್ಲೈಡ್ ಮಾಡಿ ಸಿ.ಡಿ.ಯಲ್ಲಿ ತಂದಿದ್ದಾರೆ. ಸಭಾಂಗಣದ ಕಂಪ್ಯೂಟರಿನಲ್ಲಿ ನುಡಿ ಇಲ್ಲ. ತೆರೆದ ಕೂಡಲೇ ಅಕ್ಷರವೆಲ್ಲ ಚಿತ್ರಾನ್ನ. ‘ಕನ್ನಡ’ ಎಂಬ ಮೂರಕ್ಷರ ಇದ್ದಲ್ಲಿ ದೊಡ್ಡ ಇಂಗ್ಲಿಷ್ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಇನ್ನೊಮ್ಮೆ ಎ. ಆ ಕಾಲದ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಬಾಡಿಗೆಗೆ ಕೂತಿದ್ದವು. ಫಾಂಟ್ ಇಲ್ಲದ ಕಡೆ ಮನೆಯ ಯಜಮಾನರೇ ಹೊರಗೆ ಬರುತ್ತಿದ್ದರು.

ಸಂಘಟಕರು ಕೈ ಹಿಸುಕಿಕೊಂಡರು. ಆಕೆ ಮಾತ್ರ ಅರ್ಧ ನಿಮಿಷ ಸುಮ್ಮನಿದ್ದು ಮುಂದಿನ ಸ್ಲೈಡ್ ಒತ್ತಿದರು. ಅಕ್ಷರ ಕೆಟ್ಟಿತ್ತೇ ಹೊರತು ಫೋಟೊಗಳಿಗೆ ಏನೂ ಆಗಿರಲಿಲ್ಲ. ಕೆರೆ ಏರಿ, ಕಲ್ಲಿನ ತೂಬು, ಕೋಡಿ ಬಿದ್ದ ನೀರು, ಹೂಳು ತುಂಬಿದ ಅಂಗಳ, ಬೇಲಿ ಹಾಕಿದ ಒತ್ತುವರಿ. ಒಂದೊಂದು ಚಿತ್ರದ ಮುಂದೂ ನಿಂತು ಆಕೆ ವಿವರಿಸಿದರು. ತೂಬಿನ ಬಿರಡೆ ಎತ್ತುವ ನೀರುಗಂಟಿಯ ಕೆಲಸವನ್ನು ಕೈಯಲ್ಲೇ ಮಾಡಿ ತೋರಿಸಿದರು. ಹಿಂದೆ ಕೂತಿದ್ದ ಹಿರಿಯ ಮೇಷ್ಟ್ರೊಬ್ಬರು ತಮ್ಮೂರ ಕೆರೆಯ ತೂಬು ಬೇರೆ ಥರ ಎಂದು ಎದ್ದು ನಿಂತರು, ಮಾತು ಸಭೆಯದಾಯಿತು. ಪರದೆಯ ಅರ್ಧದಲ್ಲಿ ಅರ್ಥವಾಗದ ಗುರುತುಗಳು ಕೊನೆಯವರೆಗೂ ಹಾಗೇ ಇದ್ದವು, ಅವು ಯಾರಿಗೂ ಬೇಕಾಗಲಿಲ್ಲ. ಬೇಕಾಗದ್ದನ್ನು ಆಕೆ ಅಷ್ಟೊಂದು ಟೈಪು ಮಾಡಿದ್ದು ಏಕೆ? ಎಲ್ಲರೂ ಮಾಡುತ್ತಾರೆ, ಅದಕ್ಕೆ.

ಈಗ ಯೂನಿಕೋಡ್ ಬಂದು ಆ ಬಾಡಿಗೆ ಮನೆ ಸಮಸ್ಯೆ ಬಹುಮಟ್ಟಿಗೆ ತೀರಿದೆ. ಆದರೂ ಕನ್ನಡದ ಸ್ಲೈಡ್ ಮಾಡುವವರು ಅನುಭವದಿಂದ ಕಲಿತ ಕೆಲವು ಸಂಗತಿಗಳಿವೆ. ಇಂಗ್ಲಿಷಿಗೆ ಹೊಂದುವ ಸಾಲಿನ ಅಂತರ ನಮ್ಮ ಲಿಪಿಗೆ ಸಾಲದು, ‘ಸ್ತ್ರೀ’ ‘ರಾಷ್ಟ್ರ’ದಂಥ ಪದಗಳ ಒತ್ತುಗಳು ಇಳಿದು ಕೆಳಸಾಲಿನ ಗುಣಿಸಿಗೆ ತಾಗುತ್ತವೆ. ಮೊದಲು ವಿಂಡೋಸ್ ಜೊತೆಗೇ ಬರುತ್ತಿದ್ದ ತುಂಗಾದಂಥ ಅಕ್ಷರ ಅದೇ ಅಳತೆಯ ಇಂಗ್ಲಿಷಿನ ಪಕ್ಕದಲ್ಲಿ ಪೀಚಲಾಗಿ ಕಾಣುತ್ತದೆ, ಆದ್ದರಿಂದ ಕನ್ನಡವನ್ನು ನಾಲ್ಕಾರು ಪಾಯಿಂಟ್ ದೊಡ್ಡದಾಗಿ ಇಡುವವರೇ ಜಾಣರು. ಚೆಂದದ ಹೊಸ ಫಾಂಟ್ ಬಳಸಿದ್ದರೆ ಜೊತೆಗೊಂದು ಪಿಡಿಎಫ್ ಪ್ರತಿ ಇಟ್ಟುಕೊಂಡಿರುತ್ತಾರೆ. ಗಾಢ ನೀಲಿಯ ಮೇಲೆ ಹಳದಿ ಅಕ್ಷರ ಎಂಬ ಸಂಪ್ರದಾಯ ಕತ್ತಲ ಕೋಣೆಯ ಫಿಲ್ಮ್ ಸ್ಲೈಡಿನ ಕಾಲದ್ದು. ಪರದೆ ಇಲ್ಲದ ಕಿಟಕಿಗಳ ನಮ್ಮ ಸಭಾಭವನಗಳಲ್ಲಿ ಹಗಲು ಹನ್ನೊಂದು ಗಂಟೆಗೆ ಆ ನೀಲಿ ಬೂದಿ ಬಣ್ಣವಾಗಿ, ಹಳದಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಅಂಥಲ್ಲಿ ಬಿಳಿಯ ಮೇಲೆ ಕಪ್ಪೇ ಸೈ.

ಶೀರ್ಷಿಕೆಯ ವಿಷಯದಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಆ್ಯಲಿ ಹೇಳಿಕೊಡುವ ದಾರಿ ಸರಳ. ‘ಮಳೆ ವಿವರ’ ಎಂಬಂಥ ತಲೆಬರಹ ಬೇಡ. ಆ ಸ್ಲೈಡ್ ಏನನ್ನು ಸಾಧಿಸಬೇಕೋ ಅದನ್ನು ಒಂದು ಪೂರ್ಣ ವಾಕ್ಯದಲ್ಲಿ ಮೇಲೆ ಬರೆಯಬೇಕು, ಕೆಳಗೆ ಚುಕ್ಕೆ ಸಾಲುಗಳ ಬದಲು ಅದಕ್ಕೆ ಪುರಾವೆಯಾಗುವ ಚಿತ್ರವೋ ನಕ್ಷೆಯೋ ಇರಬೇಕು. ವಾಕ್ಯ ಬರೆಯಲು ಕೂತಾಗಲೇ ಅರ್ಧ ಸ್ಲೈಡುಗಳಿಗೆ ಹೇಳಲು ಏನೂ ಇಲ್ಲ ಎಂದು ಮಾಡುವವರಿಗೇ ಗೊತ್ತಾಗುತ್ತದೆ. ಕೊಲಂಬಿಯಾದ ಆ ಸ್ಲೈಡಿಗೆ ‘ಬಡಿದ ತುಂಡು ಪರೀಕ್ಷಿಸಿದ್ದಕ್ಕಿಂತ 640 ಪಟ್ಟು ದೊಡ್ಡದು’ ಎಂಬ ತಲೆಬರಹ ಇದ್ದಿದ್ದರೆ ಸಭೆಯ ಮಾತುಕತೆ ಬೇರೆಯದೇ ಆಗುತ್ತಿತ್ತು. ಏಳು ಜೀವ ಉಳಿಯುತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಪರದೆಯನ್ನು ಸಾರ್ಥಕವಾಗಿ ಬಳಸಿದವರೆಂದರೆ ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್. 2006ರ ಟೆಡ್ ಉಪನ್ಯಾಸದಲ್ಲಿ ಅವರು ದೇಶಕ್ಕೊಂದು ಗುಳ್ಳೆ ಮಾಡಿ, ಜನಸಂಖ್ಯೆಗೆ ತಕ್ಕ ಗಾತ್ರ ಕೊಟ್ಟು, ಒಂದು ಅಕ್ಷದಲ್ಲಿ ಹೆರುವ ಮಕ್ಕಳ ಸಂಖ್ಯೆ, ಇನ್ನೊಂದರಲ್ಲಿ ಆಯುಷ್ಯ ಇಟ್ಟು 1962ರಿಂದ ಓಡಲು ಬಿಟ್ಟರು. ಮೊದಲು ಅಕ್ಷಗಳೇನು, ಗುಳ್ಳೆ ಏನು ಎಂದು ನಿಧಾನವಾಗಿ ಹೇಳಿದರು. ಓಡತೊಡಗಿದ ಮೇಲೆ ಕಬಡ್ಡಿ ಪಂದ್ಯದ ವೀಕ್ಷಕ ವಿವರಣೆಕಾರನ ಹಾಗೆ ಏದುಸಿರು ಬಿಡುತ್ತ ಚೀನಾ ಎಲ್ಲಿ ಹೋಯಿತು, ಭಾರತ ಎಲ್ಲಿ ಬಂತು ಎಂದು ಕೂಗಿ ಹೇಳಿದರು. ನಕ್ಷೆ ತೋರಿಸುವ ಬಹುಪಾಲು ಜನ ಮಾಡದ ಕೆಲಸ ಇದೇ. ಅಕ್ಷ ಯಾವುದು ಎಂದು ಹೇಳದೆಯೇ ‘ನೀವು ನೋಡುತ್ತಿರುವಂತೆ’ ಎಂದು ಮುಂದೆ ಹೋಗಿಬಿಡುತ್ತಾರೆ. ನೋಡುವವರಿಗೆ ಏನೂ ಕಾಣುತ್ತಿರುವುದಿಲ್ಲ.

ಸ್ಟೀವ್ ಜಾಬ್ಸ್ ಹೆಸರನ್ನು ಈ ವಿಷಯದಲ್ಲಿ ಎಲ್ಲರೂ ತೆಗೆಯುತ್ತಾರೆ, ಸ್ಲೈಡಿನ ಬೋಳುತನಕ್ಕಾಗಿ. ಆದರೆ 2007ರ ಜನವರಿ 9ರ ಐಫೋನ್ ಭಾಷಣದಲ್ಲಿ ಗಮನಿಸಬೇಕಾದ ಗಳಿಗೆ ಬೇರೆಯೇ ಇದೆ. ನಡುವೆ ಅವರ ಕೈಯ ಕ್ಲಿಕ್ಕರ್ ಕೆಟ್ಟಿತು. ಬದಲಿ ತೆಗೆದರು, ಅದೂ ಕೆಲಸ ಮಾಡಲಿಲ್ಲ. ಅವರು ಗಾಬರಿಯಾಗದೆ, ತಾನು ಹೈಸ್ಕೂಲಿನಲ್ಲಿದ್ದಾಗ ಗೆಳೆಯ ವಾಜ್ನಿಯಾಕನೊಡನೆ ಟೀವಿ ಕೆಡಿಸುವ ಪುಟ್ಟ ಯಂತ್ರ ಮಾಡಿಕೊಂಡು ಹಾಸ್ಟೆಲಿನ ಹುಡುಗರನ್ನು ಗೋಳು ಹೊಯ್ದುಕೊಂಡ ಕತೆ ಹೇಳಿ ಸಭೆಯನ್ನು ನಗಿಸಿದರು. ಅಷ್ಟರಲ್ಲಿ ಹಿಂದೆ ಎಲ್ಲ ಸರಿಹೋಯಿತು. ಅಂಥ ನಿರಾಳತೆ ತಾಲೀಮಿಲ್ಲದೆ ಬರುವುದಿಲ್ಲ. ಯಕ್ಷಗಾನದ ಅರ್ಥಧಾರಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಸಂಗ ಬಾಯಿಗೆ ಬಂದಿದ್ದವನಷ್ಟೇ ನಡುವೆ ಅಡ್ಡದಾರಿ ಹಿಡಿದು ಮತ್ತೆ ಪದ್ಯಕ್ಕೆ ಮರಳಬಲ್ಲ.

ನಮ್ಮ ಸಭಾಂಗಣಗಳಲ್ಲಿ ಕ್ಲಿಕ್ಕರಿಗಿಂತ ಮೊದಲು ಕೈಕೊಡುವುದು ಕರೆಂಟು. ಕರೆಂಟ್ ಹೋಗಿ ಜನರೇಟರ್ ಶುರುವಾದರೂ ದೀಪದ ಪ್ರೊಜೆಕ್ಟರ್ ತಣಿದು ಮತ್ತೆ ಹೊತ್ತಿಕೊಳ್ಳಲು ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಪರದೆಯತ್ತ ಮುಖ ಮಾಡಿ ನಿಲ್ಲುವವನು ಸಭೆಯನ್ನು ಕಳೆದುಕೊಳ್ಳುತ್ತಾನೆ. ಪಳಗಿದವರು ಬೇಕೆಂದೇ ಪರದೆ ಆರಿಸುವುದೂ ಉಂಟು. ಪವರ್‌ಪಾಯಿಂಟ್ ಓಡುವಾಗ ಕೀಲಿಮಣೆಯ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಮರಳುತ್ತದೆ. ಹಿಂದಿನ ಯಾವುದಾದರೂ ಸ್ಲೈಡಿಗೆ ಹೋಗಬೇಕಾದರೆ ಅದರ ಸಂಖ್ಯೆ ಬರೆದು ಎಂಟರ್ ಒತ್ತಿದರೆ ಸಾಕು. ಪ್ರಶ್ನೋತ್ತರದ ಹೊತ್ತಿನಲ್ಲಿ ಇಪ್ಪತ್ತು ಸ್ಲೈಡ್ ಹಿಂದಕ್ಕೆ ತಿರುವುತ್ತ ಸಭೆಗೆ ತಲೆಸುತ್ತು ಬರಿಸುವವರಿಗೆ ಇದೊಂದನ್ನು ಯಾರಾದರೂ ಹೇಳಿಕೊಡಬೇಕು.

ಸಮಯದ ಶಿಸ್ತನ್ನು ಕಾಸಿನ ಬದಲು ನಿಯಮದಿಂದ ಹೇರಿದವರೂ ಇದ್ದಾರೆ. ಟೋಕಿಯೊದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿಗಳಾದ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ 2003ರಲ್ಲಿ ‘ಪೆಚ ಕುಚ’ ಎಂಬ ಸಂಜೆಗಳನ್ನು ಆರಂಭಿಸಿದರು. ತಲಾ 20 ಚಿತ್ರ, ಪ್ರತಿಯೊಂದಕ್ಕೂ 20 ಸೆಕೆಂಡ್, ಸ್ಲೈಡ್ ತಾನೇ ಬದಲಾಗುತ್ತದೆ. 6 ನಿಮಿಷ 40 ಸೆಕೆಂಡಿಗೆ ಮಾತು ಮುಗಿಯಲೇಬೇಕು. ವಾಸ್ತುಶಿಲ್ಪಿಗಳ ಕೈಗೆ ಮೈಕು ಕೊಟ್ಟರೆ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಅಧ್ಯಕ್ಷೀಯ ಭಾಷಣಕ್ಕೂ ಇಂಥದೊಂದು ಏರ್ಪಾಡು ಬಂದರೆ ಊಟ ತಣ್ಣಗಾಗುವುದು ತಪ್ಪುತ್ತದೆ.

ಇನ್ನು ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಸಂಘಟಕರು ಫೋನ್ ಮಾಡಿ “ಪಿಪಿಟಿ ಕಳಿಸಿಬಿಡಿ ಸಾರ್, ಎಲ್ಲರಿಗೂ ಹಂಚುತ್ತೇವೆ” ಎಂದರೆ ಕಳಿಸಬೇಡಿ. ಹೇಳಬೇಕಾದದ್ದನ್ನು ಪೂರ್ಣ ವಾಕ್ಯಗಳಲ್ಲಿ ಎರಡು ಪುಟ ಬರೆದು ಅದನ್ನು ಕಳಿಸಿ. ಅಷ್ಟು ಬರೆದ ಮೇಲೆ ಸ್ಲೈಡಿಗೆ ಚಿತ್ರಗಳಷ್ಟೇ ಉಳಿದಿರುತ್ತವೆ. ಅವನ್ನು ನೀವೇ ಒಯ್ಯಿರಿ, ಸಭೆಗೆ ಅರ್ಧ ಗಂಟೆ ಮುಂಚೆ ಹೋಗಿ, ಮೊದಲ ಸ್ಲೈಡನ್ನು ಪರದೆಗೆ ಬಿಟ್ಟು ಕಟ್ಟಕಡೆಯ ಸಾಲಿನಲ್ಲಿ ಕೂತು ಓದಿ ನೋಡಿ. ಕಾಣದಿದ್ದರೆ ಆ ಅರ್ಧ ಗಂಟೆಯಲ್ಲಿ ತಿದ್ದಬಹುದು.